ಯಕೃತ್ತಿನ ನೀರುಚೀಲ: ಶಸ್ತ್ರಚಿಕಿತ್ಸೆ ಮುಗಿದ ಮೇಲೆ

ಶಸ್ತ್ರಚಿಕಿತ್ಸೆಯ ಕೋಣೆಯಿಂದ ವೈದ್ಯರು ಹೊರಗೆ ಬಂದು “ಗಡ್ಡೆ ತೆಗೆದಾಯಿತು” ಎಂದೊಡನೆ ಮನೆಯವರ ಎದೆಯ ಭಾರ ಇಳಿಯುತ್ತದೆ. ಹರಕೆ ಹೊತ್ತವರು ಅದನ್ನು ತೀರಿಸುವ ಮಾತೆತ್ತುತ್ತಾರೆ. ಊರಿಗೆ ಸುದ್ದಿ ಹೋಗುತ್ತದೆ. ಬೆಳಗಿನಿಂದ ರುಚಿಸದಿದ್ದ ಕಾಫಿ ಆಗ ರುಚಿಸುತ್ತದೆ. ಈ ಸಮಾಧಾನ ಸಹಜವಾದುದು. ಆದರೆ ಯಕೃತ್ತಿನಲ್ಲಿ, ಎಂದರೆ ನಾವು ಲಿವರು ಎನ್ನುವ ಅಂಗದಲ್ಲಿ, ಒಂದು ಹುಳುವಿನ ದೆಸೆಯಿಂದ ಬೆಳೆಯುವ ನೀರುಚೀಲವೊಂದುಂಟು. ಅದನ್ನು ತೆಗೆಸಿಕೊಂಡವರ ಮನೆಯಲ್ಲಿ ಆ ದಿನದಿಂದ ಮುಂದೆ ಕೆಲವು ವಾರ ಕಣ್ಣು ತೆರೆದಿರಬೇಕು. ಕೆಲವು ತಿಂಗಳು ಗುಳಿಗೆ ತಪ್ಪಬಾರದು. ಕೆಲವು ವರ್ಷ ಪರೀಕ್ಷೆ ಮರೆಯಬಾರದು. ಈ ಅವಧಿಯಲ್ಲಿ ಯಾವ ಯಾವ ತೊಡಕು ಬರಬಹುದು, ಬಂದುದನ್ನು ಹೇಗೆ ಗುರುತಿಸಬೇಕು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಕನ್ನಡ ಹೇಳಿಕೊಡುವವನು. ನಾಲ್ಕು ವರ್ಷದ ಹಿಂದೆ ನನ್ನ ಅಕ್ಕನಿಗೆ ಈ ಶಸ್ತ್ರಚಿಕಿತ್ಸೆಯಾಗಿ ಅವಳು ಮೂರು ತಿಂಗಳು ನಮ್ಮ ಮನೆಯಲ್ಲಿದ್ದಳು. ಆಸ್ಪತ್ರೆಯವರು ಕೊಟ್ಟ ಚೀಟಿ ಆರು ಪುಟದ್ದು; ಅದರಲ್ಲಿ ಕನ್ನಡದ ಅಕ್ಷರ ಒಂದೂ ಇರಲಿಲ್ಲ. ಅದನ್ನು ಹಿಡಿದು ಬಲ್ಲವರನ್ನು ಕೇಳಿ, ಓದಿ, ಒಂದೆರಡು ಸಲ ತಪ್ಪಿಯೂ ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಔಷಧದ ಅಳತೆಯನ್ನು ವೈದ್ಯರೇ ನಿಶ್ಚಯಿಸತಕ್ಕದ್ದು. ಮನೆಯವರು ನೋಡತಕ್ಕದ್ದೇನೆಂಬುದನ್ನು ಮಾತ್ರ ನಾನು ಹೇಳಬಲ್ಲೆ.

ಮೊದಲು ರೋಗದ ಸ್ವರೂಪ. ಇದಕ್ಕೆ ಹೈಡಾಟಿಡ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ನೀರಿಗೆ ಸಂಬಂಧಿಸಿದ ಮಾತಿನಿಂದ ಬಂದುದು. ನಾಯಿಯ ಕರುಳಿನಲ್ಲಿ ಎಕಿನೊಕಾಕಸ್ ಎಂಬ ಲಾಡಿಹುಳು ವಾಸಿಸುತ್ತದೆ. ಲಾಡಿಹುಳು ಎಂದೊಡನೆ ಮಾರುದ್ದದ್ದನ್ನು ಊಹಿಸಬೇಡಿ. ಇದು ಅಕ್ಕಿಕಾಳಿಗಿಂತ ದೊಡ್ಡದಲ್ಲ. ಇದರ ಮೊಟ್ಟೆಗಳು ನಾಯಿಯ ಮಲದೊಡನೆ ಹೊರಬಿದ್ದು ಮಣ್ಣಿಗೆ, ಹುಲ್ಲಿಗೆ, ಸೊಪ್ಪಿಗೆ, ನಾಯಿಯ ಮೈಗೂದಲಿಗೆ ಅಂಟುತ್ತವೆ. ಹುಲ್ಲಿನೊಡನೆ ಕುರಿ ಅದನ್ನು ನುಂಗುತ್ತದೆ. ತೊಳೆಯದ ಕೈಯಿಂದಲೋ ಸೊಪ್ಪಿನಿಂದಲೋ ಮನುಷ್ಯನೂ ನುಂಗುತ್ತಾನೆ. ಕರುಳಿನಲ್ಲಿ ಮೊಟ್ಟೆಯೊಡೆದು ಮರಿ ಹೊರಬಂದು, ಕರುಳಿನ ಗೋಡೆಯನ್ನು ಕೊರೆದು, ರಕ್ತದ ಹರಿವಿನಲ್ಲಿ ಸಾಗಿ ಮೊದಲು ಸೇರುವುದು ಯಕೃತ್ತನ್ನೇ. ಹತ್ತು ರೋಗಿಗಳಲ್ಲಿ ಸುಮಾರು ಏಳು ಮಂದಿಗೆ ಚೀಲ ಅಲ್ಲಿಯೇ ಬೆಳೆಯುತ್ತದೆ. ಅದನ್ನು ದಾಟಿ ಹೋದರೆ ಹೆಚ್ಚಾಗಿ ಶ್ವಾಸಕೋಶದಲ್ಲಿ.

ಚೀಲದ ರಚನೆ ತಿಳಿಯಬೇಕಾದರೆ ಎಳನೀರನ್ನು ನೆನೆದುಕೊಳ್ಳಿ. ಹೊರಗಿನ ಗಟ್ಟಿ ಚಿಪ್ಪು ನಮ್ಮ ಮೈಯೇ ತನ್ನ ರಕ್ಷಣೆಗಾಗಿ ಕಟ್ಟಿಕೊಂಡ ಗೋಡೆ. ಅದರೊಳಗೆ ಬೆಳ್ಳಗಿನ ಗಂಜಿಯಂಥ ಪದರ, ಅದು ಹುಳುವಿನದು. ಗಂಜಿಗೆ ಒಳಮೈಯಾಗಿ ಕಣ್ಣಿಗೆ ಕಾಣಿಸದಷ್ಟು ತೆಳುವಾದ ಇನ್ನೊಂದು ಪೊರೆ. ಬೆಳೆಯುವ ಜೀವವೆಲ್ಲ ಇದರಲ್ಲಿಯೇ. ನಡುವೆ ತಿಳಿನೀರು. ಆ ನೀರಿನಲ್ಲಿ ಮರಳಿನಂತೆ ತೇಲುವ ಸಣ್ಣ ಕಣಗಳು ಒಂದೊಂದೂ ಒಂದು ಹುಳುವಿನ ತಲೆ. ನಾಯಿಯ ಹೊಟ್ಟೆಗೆ ಹೋದರೆ ಅದು ಹುಳುವಾಗುತ್ತದೆ. ನಮ್ಮ ಹೊಟ್ಟೆಯೊಳಗೆ ಚೆಲ್ಲಿದರೆ ಇನ್ನೊಂದು ನೀರುಚೀಲವಾಗುತ್ತದೆ. ದೊಡ್ಡ ಚೀಲದೊಳಗೆ ಗೋಲಿಯಂಥ ಮರಿಚೀಲಗಳೂ ಹುಟ್ಟುವುದುಂಟು. ಇದೆಲ್ಲ ನಡೆಯುವುದು ಬಲು ಮೆಲ್ಲಗೆ; ಎಷ್ಟೋ ವರ್ಷ ರೋಗಿಗೆ ಏನೂ ತಿಳಿಯುವುದಿಲ್ಲ.

ಎಲ್ಲ ಚೀಲಕ್ಕೂ ಚಾಕು ಬೇಕಿಲ್ಲ. ಸುಣ್ಣಗಟ್ಟಿ ಸತ್ತುಹೋದುದನ್ನು ಸುಮ್ಮನೆ ನೋಡುತ್ತಿರುವುದುಂಟು; ಕೆಲವನ್ನು ಗುಳಿಗೆಯಿಂದಲೇ ಬಗ್ಗಿಸುತ್ತಾರೆ; ಕೆಲವಕ್ಕೆ ಸೂಜಿ ಚುಚ್ಚಿ ನೀರೆಳೆದು ಹುಳು ಕೊಲ್ಲುವ ದ್ರವ ತುಂಬಿ ಮತ್ತೆ ಎಳೆಯುತ್ತಾರೆ. ದೊಡ್ಡದು, ಮರಿಚೀಲಗಳಿಂದ ತುಂಬಿದುದು, ಒಡೆಯುವಂತಿರುವುದು, ಪಿತ್ತನಾಳಕ್ಕೆ ದಾರಿ ಮಾಡಿಕೊಂಡದ್ದು, ಇವಕ್ಕೆ ಶಸ್ತ್ರಚಿಕಿತ್ಸೆ. ಅದರಲ್ಲಿಯೂ ಎರಡು ಬಗೆ. ಚೀಲವನ್ನು ಚಿಪ್ಪುಸಹಿತವಾಗಿ, ಬೇಕಾದರೆ ಯಕೃತ್ತಿನ ಒಂದು ಭಾಗದೊಡನೆ, ತೆಗೆದುಬಿಡುವುದು ಒಂದು. ಒಳಗಿನ ನೀರನ್ನೂ ಗಂಜಿಯನ್ನೂ ತೆಗೆದು ಹೊರಚಿಪ್ಪನ್ನು ಹೆಚ್ಚುಕಡಮೆ ಅಲ್ಲಿಯೇ ಬಿಡುವುದು ಇನ್ನೊಂದು. ಮೊದಲನೆಯದರಲ್ಲಿ ಶಸ್ತ್ರಚಿಕಿತ್ಸೆಯೇ ದೊಡ್ಡದು, ಆಮೇಲಿನ ಕಾಟ ಕಡಮೆ. ಎರಡನೆಯದರಲ್ಲಿ ಶಸ್ತ್ರಚಿಕಿತ್ಸೆ ಹಗುರ. ಆದರೆ ಒಳಗೆ ಒಂದು ಪೊಳ್ಳು ಉಳಿಯುತ್ತದೆ. ಮುಂದಿನ ಕಷ್ಟಗಳಿಗೆ ಹೆಚ್ಚಾಗಿ ಈ ಪೊಳ್ಳೇ ಮನೆ. ನಿಮ್ಮವರಿಗೆ ಯಾವ ಬಗೆಯದಾಯಿತು ಎಂದು ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಡಕು ಪಿತ್ತದ ಸೋರಿಕೆ. ನಮ್ಮ ಆಡುಮಾತಿನಲ್ಲಿ ಪಿತ್ತ ನೆತ್ತಿಗೇರುತ್ತದೆ. ಇಲ್ಲಿ ಅದು ಹೊಟ್ಟೆಯೊಳಗೇ ದಾರಿ ತಪ್ಪುತ್ತದೆ. ಯಕೃತ್ತು ದಿನವೊಂದಕ್ಕೆ ಮುಕ್ಕಾಲು ಲೀಟರಿನಷ್ಟು ಪಿತ್ತರಸವನ್ನು ಮಾಡಿ ಸಣ್ಣ ಸಣ್ಣ ನಾಳಗಳ ಮೂಲಕ ಕರುಳಿಗೆ ಕಳುಹಿಸುತ್ತದೆ. ಚೀಲ ಬೆಳೆಯುತ್ತ ಬೆಳೆಯುತ್ತ ಈ ನಾಳಗಳನ್ನು ಒತ್ತಿ, ಸವೆಸಿ, ಅಲ್ಲಲ್ಲಿ ತೂತುಮಾಡಿರುತ್ತದೆ. ಒಳಗೆ ನೀರು ತುಂಬಿ ಬಿಗಿದಿರುವವರೆಗೆ ತೂತು ಮುಚ್ಚಿಕೊಂಡಿರುತ್ತದೆ. ನೀರು ತೆಗೆದೊಡನೆ ಬಿಗಿ ಸಡಿಲವಾಗಿ ಪಿತ್ತ ಪೊಳ್ಳಿನೊಳಗೆ ಜಿನುಗತೊಡಗುತ್ತದೆ. ಶಸ್ತ್ರವೈದ್ಯರು ಬಿಳಿಯ ಬಟ್ಟೆಯನ್ನು ಪೊಳ್ಳಿನಲ್ಲಿಟ್ಟು ಹಳದಿ ಕಲೆ ಎಲ್ಲಿ ಬೀಳುತ್ತದೆಂದು ನೋಡಿ ಕಂಡ ತೂತುಗಳನ್ನು ಹೊಲಿಯುತ್ತಾರೆ. ಕಾಣದೆ ಉಳಿದವೂ ಇರಬಹುದು. ಅದಕ್ಕೆಂದೇ ಒಂದು ನಳಿಗೆಯನ್ನು ಒಳಗಿನಿಂದ ಪಕ್ಕೆಯ ಹೊರಕ್ಕೆ ತಂದು ಚೀಲಕ್ಕೆ ಜೋಡಿಸಿರುತ್ತಾರೆ. ಡ್ರೈನ್ ಎಂದು ಅದರ ಹೆಸರು.

ಅಕ್ಕನನ್ನು ಮನೆಗೆ ಕರೆತಂದಾಗ ನಳಿಗೆ ಇನ್ನೂ ಇತ್ತು. ಅದರಲ್ಲಿ ಹೊಂಬಣ್ಣದ, ಒಮ್ಮೊಮ್ಮೆ ಹಸಿರು ಛಾಯೆಯ ರಸ ಇಳಿಯುತ್ತಿತ್ತು. ಅವಳಿಗೆ ಅದನ್ನು ಕಂಡರೆ ನಾಚಿಕೆ. ಯಾರಾದರೂ ನೋಡಲು ಬಂದರೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ನಾವು ದಿನವೂ ಬೆಳಿಗ್ಗೆ ಅಳೆದು ಪಂಚಾಂಗದ ಅಂಚಿನಲ್ಲಿ ಬರೆಯುತ್ತಿದ್ದೆವು: ೧೨೦, ೧೧೦, ೯೫. ಒಂಬತ್ತನೆಯ ದಿನ ಚೀಲದಲ್ಲಿ ಏನೂ ಇರಲಿಲ್ಲ. ಸೋರಿಕೆ ನಿಂತಿತೆಂದು ಹಿಗ್ಗಿ ಆ ದಿನ ಪಾಯಸ ಮಾಡಿದೆವು. ಅಕ್ಕ ಸಂಜೆಗೆ ಬಲಪಕ್ಕೆ ಬಿಗಿಯುತ್ತದೆ ಎಂದಳು. ರಾತ್ರಿ ಹಲ್ಲು ಕಟಕಟಿಸುವಂಥ ನಡುಕದೊಡನೆ ಜ್ವರ ಬಂತು. ನಿಂತದ್ದು ಸೋರಿಕೆಯಲ್ಲ, ನಳಿಗೆ ಕಟ್ಟಿಕೊಂಡಿತ್ತು. ಪಿತ್ತವೆಲ್ಲ ಒಳಗೇ ತುಂಬುತ್ತಿತ್ತು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಆಸ್ಪತ್ರೆಯಲ್ಲಿದ್ದೆವು. ನಳಿಗೆಯನ್ನು ಸರಿಪಡಿಸಿದ ಅರ್ಧ ಗಂಟೆಯಲ್ಲಿ ಇನ್ನೂರು ಮಿಲಿಲೀಟರಿಗಿಂತ ಹೆಚ್ಚು ಇಳಿಯಿತು.

ಆದಕಾರಣ ನಿಮ್ಮಲ್ಲಿ ಒಂದು ಬಿನ್ನಹ. ನಳಿಗೆಯಲ್ಲಿ ಹಳದಿ ರಸ ಬಂದುದಕ್ಕೆ ಎದೆಗೆಡಬೇಡಿ. ಹೊರಗೆ ಬರುತ್ತಿರುವ ಪಿತ್ತ ಒಳಗೆ ಕೆಡುತ್ತಿಲ್ಲ. ದಿನೇ ದಿನೇ ಮೆಲ್ಲಗೆ ಕಡಮೆಯಾಗುತ್ತ ಬಂದರೆ, ರೋಗಿ ಉಂಡು ಮಲಗಿ ಗೆಲುವಾಗಿದ್ದರೆ, ಅದು ವಾಸಿಯ ದಾರಿ. ಸಣ್ಣ ಸೋರಿಕೆಗಳು ಎರಡು ಮೂರು ವಾರಗಳಲ್ಲಿ, ಕೆಲವೊಮ್ಮೆ ಇನ್ನೂ ತಡವಾಗಿ, ತಾವಾಗಿಯೇ ಮುಚ್ಚುತ್ತವೆ. ಥಟ್ಟನೆ ನಿಂತು ಜೊತೆಗೆ ನೋವೋ ಜ್ವರವೋ ಹೊಟ್ಟೆಯುಬ್ಬರವೋ ಬಂದರೆ ಆ ರಾತ್ರಿಯೇ ಹೊರಡಿ. ರಸ ಕೀವಿನಂತೆ ಮಬ್ಬಾದರೆ, ನಾತ ಬಂದರೆ, ರಕ್ತ ಕಂಡರೆ, ನಳಿಗೆ ಜಾರಿ ಬಿದ್ದರೆ ಆಗಲೂ ಹಾಗೆಯೇ. ಬಿದ್ದ ನಳಿಗೆಯನ್ನು ನೀವೇ ಒಳಕ್ಕೆ ತಳ್ಳಲು ಹೋಗಬೇಡಿ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ. ಮಲಗಿದಾಗ ನಳಿಗೆ ಮೈಯಡಿಗೆ ಸಿಕ್ಕಿ ಮಡಿಸಿಕೊಳ್ಳದಿರಲಿ. ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಪಿತ್ತ ಹೆಚ್ಚು ಹರಿದು ಹೋಗುವವರ ಮೈಯಿಂದ ನೀರೂ ಉಪ್ಪೂ ಹೋಗುತ್ತವೆ. ನಾಲಗೆ ಒಣಗುತ್ತಿದೆಯೆ, ಮೂತ್ರ ಕಡಮೆಯಾಗಿದೆಯೆ ಎಂದು ನೋಡಿಕೊಳ್ಳಿ.

ದಿನಕ್ಕೆ ಮುನ್ನೂರು ಮಿಲಿಲೀಟರಿಗೆ ಮೇಲ್ಪಟ್ಟು ಇಳಿಯುತ್ತಿದ್ದರೆ ಅಥವಾ ವಾರಗಳಾದರೂ ನಿಲ್ಲದಿದ್ದರೆ ವೈದ್ಯರು ಇ.ಆರ್.ಸಿ.ಪಿ. ಎಂಬ ಉಪಾಯವನ್ನು ಹೇಳುತ್ತಾರೆ. ಹೆಸರು ಕೇಳಿ ಮತ್ತೊಂದು ಶಸ್ತ್ರಚಿಕಿತ್ಸೆಯೆಂದು ಅಂಜಿದವರನ್ನು ಕಂಡಿದ್ದೇನೆ. ಇದರಲ್ಲಿ ಹೊಟ್ಟೆಯನ್ನು ಕೊಯ್ಯುವುದಿಲ್ಲ. ದೀಪವೂ ಕಣ್ಣೂ ಇರುವ ಬಳುಕುವ ಕೊಳವೆಯನ್ನು ಬಾಯಿಂದ ಇಳಿಸಿ, ಪಿತ್ತನಾಳ ಕರುಳಿಗೆ ಸೇರುವ ಬಾಯಿಯನ್ನು ತಲಪುತ್ತಾರೆ. ಆ ಬಾಯಿಯನ್ನು ಒಂದು ಸ್ನಾಯು ಬಿಗಿಹಿಡಿದಿರುತ್ತದೆ. ಕೆರೆಯ ಉದಾಹರಣೆ ನೋಡಿ. ಏರಿ ಎಲ್ಲಿಯೋ ಒಂದೆಡೆ ಜಿನುಗುತ್ತಿದೆ. ತೂಬು ಮಾತ್ರ ಅರ್ಧ ಮುಚ್ಚಿದೆ. ನೀರು ಸುಲಭವಾದ ದಾರಿ ಹಿಡಿದು ಏರಿಯಲ್ಲೇ ಹರಿಯುತ್ತದೆ. ಬುದ್ಧಿವಂತನಾದ ನೀರುಗಂಟಿ ಮೊದಲು ತೂಬನ್ನು ಎತ್ತುತ್ತಾನೆ. ಕೆರೆಯ ಒತ್ತಡ ಇಳಿದು ಏರಿಯ ಜಿನುಗು ಒಣಗುತ್ತದೆ. ಆಮೇಲೆ ಮಣ್ಣು ಕೂಡಿಕೊಳ್ಳುತ್ತದೆ. ಹಾಗೆಯೇ ಇಲ್ಲಿ ಆ ಸ್ನಾಯುವನ್ನು ಒಂದಿಷ್ಟು ಸೀಳಿ, ಹಲವು ವೇಳೆ ಸಣ್ಣದೊಂದು ಪ್ಲಾಸ್ಟಿಕ್ ಕೊಳವೆಯನ್ನೂ ಇಟ್ಟು, ಪಿತ್ತವನ್ನು ರಾಜಮಾರ್ಗಕ್ಕೆ ತಿರುಗಿಸುತ್ತಾರೆ. ೧೯೬೮ರಲ್ಲಿ ಮೊದಲಾದ ಈ ಪರೀಕ್ಷೆ, ೧೯೭೪ರಲ್ಲಿ ಜರ್ಮನಿ, ಜಪಾನುಗಳ ವೈದ್ಯರು ಸ್ನಾಯು ಸೀಳುವ ಕ್ರಮವನ್ನು ಕಂಡುಹಿಡಿದ ಮೇಲೆ ಚಿಕಿತ್ಸೆಯೂ ಆಯಿತು. ಅದಕ್ಕೆ ಮುನ್ನ ಹಟಮಾರಿ ಸೋರಿಕೆಗೆ ಮತ್ತೊಮ್ಮೆ ಹೊಟ್ಟೆ ತೆರೆಯಬೇಕಾಗುತ್ತಿತ್ತು. ಒಂದು ಎಚ್ಚರಿಕೆ: ಒಳಗಿಟ್ಟ ಪ್ಲಾಸ್ಟಿಕ್ ಕೊಳವೆಯನ್ನು ಕೆಲವು ವಾರಗಳಲ್ಲಿ, ತಡವೆಂದರೆ ಮೂರು ತಿಂಗಳೊಳಗೆ, ತೆಗೆಸಬೇಕು ಇಲ್ಲವೆ ಬದಲಾಯಿಸಬೇಕು. ನೋವಿಲ್ಲವೆಂದು ಮರೆತರೆ ಅದೇ ಕಟ್ಟಿಕೊಂಡು ಕಾಮಾಲೆಯನ್ನೂ ಜ್ವರವನ್ನೂ ತರುತ್ತದೆ. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಹಾಕಿ.

ಎರಡನೆಯ ತೊಡಕು ಪೊಳ್ಳಿನಲ್ಲಿ ಕೀವಾಗುವುದು. ಹಳೆಯ ಚೀಲದ ಚಿಪ್ಪು ಗಡಸಾಗಿದ್ದು ಬೇಗ ಕುಗ್ಗುವುದಿಲ್ಲ. ನಿಂತ ನೀರಿನಲ್ಲಿ ಪಾಚಿ ಕಟ್ಟುವ ಹಾಗೆ ಅಲ್ಲಿ ಸೋಂಕು ನಿಲ್ಲುತ್ತದೆ. ಇದನ್ನು ತಡೆಯಲು ಅನೇಕ ಶಸ್ತ್ರವೈದ್ಯರು ಕರುಳಿನ ಮುಂದೆ ತೆರೆಯಂತೆ ಇಳಿಬಿದ್ದಿರುವ ಕೊಬ್ಬಿನ ಪೊರೆಯನ್ನು ತಂದು ಪೊಳ್ಳಿಗೆ ತುಂಬುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ವಪೆ ಎಂದು ಹೆಸರು; ವೈದಿಕ ಯಜ್ಞಗಳ ವರ್ಣನೆಯಲ್ಲಿ ಬರುವ ಮಾತು. ಜೀವವಿರುವ ಈ ಪೊರೆ ರಸವನ್ನು ಹೀರಿಕೊಂಡು ಪೊಳ್ಳನ್ನು ತುಂಬುತ್ತದೆ. ಆದರೂ ಕೀವಾಯಿತೆಂದರೆ ಲಕ್ಷಣ ಇವು: ಮನೆಗೆ ಬಂದು ಕೆಲವು ದಿನವೋ ವಾರವೋ ಚೆನ್ನಾಗಿದ್ದವರಿಗೆ ನಡುಕದ ಜ್ವರ, ಬಲಪಕ್ಕೆಯಲ್ಲಿ ಭಾರ, ಕೆಲವೊಮ್ಮೆ ಬಲಭುಜಕ್ಕೆ ಏರುವ ನೋವು, ಊಟ ಸೇರದಿರುವುದು. ಮನೆಯಲ್ಲಿದ್ದ ಜ್ವರದ ಗುಳಿಗೆ ನುಂಗಿಸಿ ಎರಡು ದಿನ ನೋಡೋಣ ಎನ್ನಬೇಡಿ. ಸ್ಕ್ಯಾನಿನಲ್ಲಿ ಕೀವು ಕಂಡರೆ ಸೂಜಿಯಿಂದಲೋ ಸಣ್ಣ ನಳಿಗೆಯಿಂದಲೋ ಹೊರಕ್ಕೆ ತೆಗೆದು ಸೋಂಕಿನ ಔಷಧ ಕೊಡುತ್ತಾರೆ. ಬೇಗ ಹೋದವರಿಗೆ ಸಾಮಾನ್ಯವಾಗಿ ಅಷ್ಟರಲ್ಲಿಯೇ ಮುಗಿಯುತ್ತದೆ.

ಕಾಮಾಲೆ ಬೇರೆಯೇ ಒಂದು ಸೂಚನೆ. ಮರಿಚೀಲದ ಚೂರೋ ಗಂಜಿಯ ಪದರವೋ ಪಿತ್ತನಾಳಕ್ಕೆ ಜಾರಿ ಕೂತರೆ ಪಿತ್ತ ಹಿಂದಕ್ಕೆ ಒತ್ತಿ ರಕ್ತಕ್ಕೆ ಸೇರುತ್ತದೆ. ಕಣ್ಣಿನ ಬಿಳಿ ಹಳದಿಯಾಗುತ್ತದೆ, ಮೂತ್ರ ಕಾಫಿಯ ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಮಲ ಬಿಳಿಚಿ ಸುಣ್ಣದ ಮುದ್ದೆಯಂತಾಗುತ್ತದೆ, ಮೈಯೆಲ್ಲ ತುರಿಕೆ. ಕಣ್ಣನ್ನು ಹಗಲಿನ ಬೆಳಕಿನಲ್ಲಿ ನೋಡಬೇಕು. ವಿದ್ಯುದ್ದೀಪದಲ್ಲಿ ಹಳದಿ ತಿಳಿಯುವುದಿಲ್ಲ. ನಮ್ಮಲ್ಲಿ ಕಾಮಾಲೆಯೆಂದೊಡನೆ ನಾಟಿ ಔಷಧಿಗೆ ಓಡುವ ರೂಢಿ ಬಲವಾಗಿದೆ. ಬೇರುಬೊಗಸೆಗಳನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕೊಳವೆಯಲ್ಲಿ ಬೆಣೆ ಸಿಕ್ಕಿದಾಗ ಕಷಾಯ ಕುಡಿಸಿದರೆ ಬೆಣೆ ಸಡಿಲವಾಗದು. ಕಾಮಾಲೆಯ ಜೊತೆಗೆ ಜ್ವರ, ನೋವು ಸೇರಿದರೆ ಗಂಟೆಗಳ ಲೆಕ್ಕ. ಇಲ್ಲಿಯೂ ಮೇಲೆ ಹೇಳಿದ ಇ.ಆರ್.ಸಿ.ಪಿ.ಯಿಂದಲೇ ಆ ಚೂರುಗಳನ್ನು ಎಳೆದು ತೆಗೆಯುವುದುಂಟು.

ಪಿತ್ತನಾಳ ಇನ್ನೊಂದು ಕಾರಣದಿಂದಲೂ ಕೆಡುತ್ತಿತ್ತು. ಹಿಂದೆ ಹುಳುವಿನ ತಲೆಗಳನ್ನು ಕೊಲ್ಲಲು ಚೀಲದೊಳಗೆ ಫಾರ್ಮಲಿನ್ ತುಂಬುವ ಪದ್ಧತಿಯಿತ್ತು. ಅದು ತೂತುಗಳ ಮೂಲಕ ಪಿತ್ತನಾಳಕ್ಕೆ ಹೋಗಿ ನಾಳವನ್ನೇ ಸುಟ್ಟು ಇರುಕಾಗಿಸಿದ್ದನ್ನು ಕಂಡು ವೈದ್ಯರು ಆ ಪದ್ಧತಿಯನ್ನು ಬಿಟ್ಟರು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಗಾಢವಾದ ಉಪ್ಪುನೀರು. ಅದನ್ನೂ ಪಿತ್ತದ ಬಣ್ಣ ಕಂಡ ಚೀಲಕ್ಕೆ ತುಂಬುವುದಿಲ್ಲ.

ಯಕೃತ್ತಿನ ನೆತ್ತಿಯ ಮೇಲೆಯೇ ವಪೆ (ಡಯಾಫ್ರಮ್) ಇರುವುದರಿಂದ ಬಲಗಡೆಯ ಎದೆಯಲ್ಲಿ ನೀರು ತುಂಬಿ ಉಸಿರು ಕಟ್ಟುವುದೂ ಉಂಟು. ಹೊಲಿಗೆ ನೋಯುತ್ತದೆಂದು ರೋಗಿ ಆಳವಾಗಿ ಉಸಿರೆಳೆಯುವುದನ್ನೇ ಬಿಟ್ಟರೆ ಇದು ಹೆಚ್ಚುತ್ತದೆ. ದಿಂಬನ್ನು ಹೊಟ್ಟೆಗೆ ಒತ್ತಿಹಿಡಿದು ಕೆಮ್ಮಿಸಿ, ಕೂರಿಸಿ, ನಡೆಸಿ. ಹೊಲಿಗೆಯ ಜಾಗ ಮುಂದೆ ಉಬ್ಬಬಾರದೆಂದರೆ ಮೂರು ತಿಂಗಳಾದರೂ ಕೊಡ ಹೊರುವುದು, ಅಕ್ಕಿಮೂಟೆ ಎತ್ತುವುದು ಬೇಡ.

ಈಗ ಗುಳಿಗೆಯ ಮಾತು. ಶಸ್ತ್ರಚಿಕಿತ್ಸೆಗೆ ಎಷ್ಟೇ ಎಚ್ಚರದಿಂದ ಕೈಯಿಟ್ಟರೂ ಕಣ್ಣಿಗೆ ಕಾಣದ ಒಂದೆರಡು ಕಣ ಚೆಲ್ಲಿರಬಹುದು. ಸಣ್ಣದೊಂದು ಚೀಲ ಉಳಿದಿರಬಹುದು. ರೋಗ ಮರುಕಳಿಸುವುದು ಹೀಗೆ. ಅದನ್ನು ತಡೆಯಲು ಆಲ್ಬೆಂಡಜೋಲ್ ಎಂಬ ಗುಳಿಗೆಯನ್ನು ಶಸ್ತ್ರಚಿಕಿತ್ಸೆಗೆ ಮುನ್ನವೂ ಅನಂತರ ತಿಂಗಳುಗಟ್ಟಲೆಯೂ ಕೊಡುತ್ತಾರೆ. ದೊಡ್ಡವರಿಗೆ ಸಾಮಾನ್ಯವಾಗಿ ೪೦೦ ಮಿಲಿಗ್ರಾಂ ದಿನಕ್ಕೆರಡು ಸಲ. ಹೆಸರು ನಿಮಗೆ ಹೊಸದಲ್ಲ. ೨೦೧೫ರಿಂದ ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಅಗಿಯಲು ಕೊಡುವ ಗುಳಿಗೆಯೇ ಇದು. ನಾನೇ ನೂರಾರು ಮಕ್ಕಳಿಗೆ ಹಂಚಿದ್ದೇನೆ. ಇದರಿಂದಲೇ ಒಂದು ಗೊಂದಲ ಹುಟ್ಟಿತು. “ಮಕ್ಕಳಿಗೆ ಒಂದು ಸಾಕಾದರೆ ನನಗೇಕೆ ಇಷ್ಟು?” ಎಂದು ಅಕ್ಕ ಹದಿನೈದನೆಯ ದಿನಕ್ಕೆ ನಿಲ್ಲಿಸಿಬಿಟ್ಟಿದ್ದಳು, ನಮಗೆ ತಿಳಿದದ್ದು ಒಂದು ವಾರದ ಮೇಲೆ. ಕರುಳಿನ ಹುಳುವಿಗೆ ಗುಳಿಗೆ ನೇರವಾಗಿ ತಗಲುತ್ತದೆ. ಯಕೃತ್ತಿನ ಆಳದಲ್ಲಿರುವ ಕಣಕ್ಕೆ ತಗಲಬೇಕಾದರೆ ರಕ್ತಕ್ಕೆ ಸೇರಿ, ಅಲ್ಲಿ ಹೋಗಿ, ಬಹುಕಾಲ ನಿಲ್ಲಬೇಕು.

ಈ ಗುಳಿಗೆ ಬರಿಹೊಟ್ಟೆಯಲ್ಲಿ ಸರಿಯಾಗಿ ರಕ್ತಕ್ಕೆ ಸೇರದು. ಜಿಡ್ಡಿನ ಊಟದೊಡನೆ ತೆಗೆದುಕೊಂಡರೆ ಬಹುಪಾಲು ಹೆಚ್ಚು ಸೇರುತ್ತದೆ. ಪಥ್ಯವೆಂದು ಸಪ್ಪೆ ಗಂಜಿ ಕುಡಿಸಿ ಗುಳಿಗೆ ನುಂಗಿಸುವುದು ಅರ್ಧ ಔಷಧವನ್ನು ಚೆಲ್ಲಿದಂತೆ. ವೈದ್ಯರು ಬೇಡವೆನ್ನದಿದ್ದರೆ ಅನ್ನಕ್ಕೆ ಒಂದು ಚಮಚ ತುಪ್ಪ ಬೀಳಲಿ. ೨೮ ದಿನ ನುಂಗಿ ೧೪ ದಿನ ಬಿಡುವ ಹಳೆಯ ಕ್ರಮವನ್ನು ಕೆಲವರು ಹೇಳುತ್ತಾರೆ, ಬಿಡುವಿಲ್ಲದೆ ಕೊಡುವ ಕ್ರಮವನ್ನು ಹಲವರು ಅನುಸರಿಸುತ್ತಾರೆ. ನೆರೆಮನೆಯವರ ಚೀಟಿಗೂ ನಿಮ್ಮದಕ್ಕೂ ವ್ಯತ್ಯಾಸವಿದ್ದರೆ ಗಾಬರಿ ಬೇಡ. ಗುಳಿಗೆ ಯಕೃತ್ತಿಗೂ ರಕ್ತದ ಬಿಳಿಯ ಕಣಗಳಿಗೂ ತೊಂದರೆ ಮಾಡುವುದುಂಟಾದ್ದರಿಂದ ಆಗಾಗ ರಕ್ತಪರೀಕ್ಷೆ ಆಗಲೇಬೇಕು. ಕೂದಲು ಉದುರಬಹುದು, ಗುಳಿಗೆ ನಿಂತ ಮೇಲೆ ಮತ್ತೆ ಬರುತ್ತದೆ. ಗರ್ಭಿಣಿಯಾದವರು, ಆಗಬಹುದೆಂಬ ಸಂದೇಹವಿರುವವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಪರೀಕ್ಷೆಯ ವಿಷಯದಲ್ಲಿ ಎರಡು ಭ್ರಮೆಗಳುಂಟು. ಸ್ಕ್ಯಾನಿನಲ್ಲಿ ಹಳೆಯ ಜಾಗದಲ್ಲಿ ಪೊಳ್ಳು ಕಂಡೊಡನೆ ರೋಗ ಮರಳಿತು ಎಂದುಕೊಳ್ಳುವುದು ಒಂದು. ಖಾಲಿ ಪೊಳ್ಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಾಗೆಯೇ ಕಾಣಬಹುದು. ಅದು ಕುಗ್ಗುತ್ತಿದೆಯೋ ಬೆಳೆಯುತ್ತಿದೆಯೋ ಎಂಬುದು ಮುಖ್ಯ. ಅದನ್ನು ಹೇಳಲು ಹಳೆಯ ಚಿತ್ರಗಳು ಬೇಕು. ಒಂದನ್ನೂ ರದ್ದಿಗೆ ಹಾಕಬೇಡಿ. ರಕ್ತಪರೀಕ್ಷೆಯಲ್ಲಿ ಹೈಡಾಟಿಡ್ ಇದೆ ಎಂದು ಬಂದರೆ ಹೆದರುವುದು ಇನ್ನೊಂದು ಭ್ರಮೆ. ರೋಗದ ವಿರುದ್ಧ ಮೈ ಮಾಡಿಕೊಂಡ ಕಾವಲುವಸ್ತು ಚೀಲ ಹೋದ ಮೇಲೂ ವರ್ಷಗಳ ಕಾಲ ರಕ್ತದಲ್ಲಿ ಉಳಿಯುತ್ತದೆ. ಅದೊಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ. ಮೊದಲಲ್ಲಿ ಮೂರರಿಂದ ಆರು ತಿಂಗಳಿಗೊಮ್ಮೆ, ಅನಂತರ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುವುದು ರೂಢಿ. ಮರುಕಳಿಸುವುದು ಹೆಚ್ಚಾಗಿ ಮೊದಲ ಕೆಲವು ವರ್ಷಗಳಲ್ಲಿ. ಹತ್ತು ವರ್ಷ ಕಳೆದು ಕಂಡುದೂ ಉಂಟು.

ಅಕ್ಕ ನಮ್ಮ ಮನೆಯಲ್ಲಿದ್ದಾಗ ತನ್ನ ತಟ್ಟೆ ಲೋಟಗಳನ್ನು ಬೇರೆ ಇಟ್ಟುಕೊಂಡಿದ್ದಳು. ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅದು ಬೇಕಿಲ್ಲದ ಶಿಕ್ಷೆ. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ. ನಳಿಗೆಯ ರಸದಿಂದಲೂ ಮನೆಯವರಿಗೆ ಈ ರೋಗ ಬಾರದು. ಮೊಟ್ಟೆ ಹುಟ್ಟುವುದು ನಾಯಿಯ ಕರುಳಿನಲ್ಲಿ ಮಾತ್ರ.

ಆದರೆ ಗುಣವಾದವರಿಗೆ ಹೊಸದಾಗಿ ಮತ್ತೆ ತಗಲಬಹುದು. ಅಕ್ಕನ ಊರಿನಲ್ಲಿ ಕುರಿಹಟ್ಟಿಗಳು ಹೆಚ್ಚು. ಕುರಿ ಕೊಯ್ದಾಗ ನೀರುಗುಳ್ಳೆಯಿರುವ ಈರುಳನ್ನು ಮನುಷ್ಯರು ತಿನ್ನುವುದಿಲ್ಲವೆಂದು ನಾಯಿಗೆ ಎಸೆಯುತ್ತಾರೆ. ಹುಳುವಿನ ಸುತ್ತು ಪೂರ್ಣವಾಗುವುದು ಅಲ್ಲಿಯೇ. ಅದನ್ನು ನಾಯಿ ತೋಡಲಾರದಷ್ಟು ಆಳದಲ್ಲಿ ಹೂಳಬೇಕು, ಇಲ್ಲವೆ ಸುಡಬೇಕು. ಸಾಕಿದ ನಾಯಿಗೆ ಪಶುವೈದ್ಯರನ್ನು ಕೇಳಿ ಪ್ರಾಜಿಕ್ವಾಂಟೆಲ್ ಎಂಬ ಹುಳುವಿನ ಔಷಧ ಕೊಡಿಸಬೇಕು. ಐಸ್‌ಲೆಂಡ್ ಎಂಬ ದ್ವೀಪ ಒಂದು ಕಾಲಕ್ಕೆ ಈ ರೋಗದಿಂದ ನರಳುತ್ತಿತ್ತು. ೧೮೬೩ರಲ್ಲಿ ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ ಅಲ್ಲಿಗೆ ಹೋಗಿ ನಾಯಿಗಳನ್ನು ಪರೀಕ್ಷಿಸಿ, ಮರುವರ್ಷ ಆ ಜನದ ಭಾಷೆಯಲ್ಲಿಯೇ ಒಂದು ಕಿರುಹೊತ್ತಗೆ ಬಂದು ಮನೆಮನೆಗೆ ಹಂಚಿಕೆಯಾಯಿತು. ಓದುವ ಹವ್ಯಾಸವಿದ್ದ ಜನ. ಓದಿದರು, ಈರುಳನ್ನು ನಾಯಿಗೆ ಎಸೆಯುವುದನ್ನು ಬಿಟ್ಟರು. ನಾಯಿಗಳ ಬಗ್ಗೆ ಕಾನೂನುಗಳೂ ಬಂದವು. ಮುಂದಿನ ತಲೆಮಾರುಗಳಲ್ಲಿ ಆ ದ್ವೀಪದಿಂದ ರೋಗ ಕಾಣೆಯಾಯಿತು.

ಅಕ್ಕ ಊರಿಗೆ ಹೊರಟಾಗ ಅವಳ ಚೀಟಿಯ ಆರು ಪುಟವನ್ನೂ ಕನ್ನಡಕ್ಕೆ ಇಳಿಸಿ ಒಂದು ನೋಟುಬುಕ್ಕಿನಲ್ಲಿ ಬರೆದುಕೊಟ್ಟೆ. ಯಾವ ದಿನ ಯಾವ ಪರೀಕ್ಷೆ, ಯಾವ ಲಕ್ಷಣ ಕಂಡರೆ ಬಸ್ಸು ಹತ್ತಬೇಕು, ಎಲ್ಲವೂ ಅದರಲ್ಲಿದೆ. ನಾಲ್ಕು ಸ್ಕ್ಯಾನುಗಳಲ್ಲಿ ಪೊಳ್ಳು ನಿಂಬೆಹಣ್ಣಿನಷ್ಟಕ್ಕೆ ಇಳಿದಿದೆ. ಐದನೆಯದು ಬರುವ ಮಾಘದಲ್ಲಿ.